ಮೆಣಸಿನ ಹೊಟ್ಟೆ

ನಾಯಿಯ ಹೆಸರು ಮೆಣಸು.
ಕರಿಕಾಳಿನಷ್ಟೇ ಕಪ್ಪು, ಕೆಣಕಿದರೆ ಅಷ್ಟೇ ಖಾರ.
ಲೈನ್‌ಮನೆಗಳ ಹಿಂದೆ ಸಿಕ್ಕ ಮರಿ,
ಅಂಗಿಯೊಳಗೆ ಬಚ್ಚಿಟ್ಟು ಬಸ್ಸಿನಲ್ಲಿ ತಂದದ್ದು.

ನಾನು ಜಿಲ್ಲಾ ಖಜಾನೆಯ ಗುಮಾಸ್ತ.
ಊರವರ ಬಿಲ್ಲುಗಳಲ್ಲಿ ತಪ್ಪು ಹುಡುಕಿ
ಕೆಂಪು ಶಾಯಿಯಲ್ಲಿ 'ಆಕ್ಷೇಪಣೆ' ಎಂದು ಬರೆಯುವುದಕ್ಕೆ ಸಂಬಳ.
ಎರಡು ರೂಪಾಯಿ ಹೆಚ್ಚಾದರೂ ಬಿಟ್ಟವನಲ್ಲ.

ಆದರೆ ಮಡಿಕೇರಿಯ ಮಂಜಿಗೆ ಲೆಕ್ಕ ಬಾರದು.
ಬೆಳಿಗ್ಗೆ ಆರಕ್ಕೆ, ಕೋಟೆಯ ಹಿಂದಿನ ಇಳಿಜಾರಿನಲ್ಲಿ
ಮೂರು ಮಾರು ಆಚೆಗೆ ಯಾರೂ ಯಾರಿಗೂ ಇಲ್ಲ.
ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಮೆಣಸು
ಸುತ್ತು ಬಂದು, ನೆಲ ಮೂಸಿ, ಬೆನ್ನನ್ನು ಬಿಲ್ಲು ಮಾಡಿ
(ಈ ಬಿಲ್ಲಿಗೆ ಆಕ್ಷೇಪಣೆ ಇಲ್ಲ)
ನನ್ನ ಮುಖವನ್ನೇ ನೋಡುತ್ತಾ ಕೂರುತ್ತದೆ.
ನಾನು ಮಾತ್ರ ಬೇರೆಲ್ಲೋ ನೋಡುತ್ತೇನೆ,
ಕಾಣದ ಬೆಟ್ಟವನ್ನು, ಕಾಣದ ಗಡಿಯಾರದ ಗೋಪುರವನ್ನು,
ದುಡ್ಡು ಕೊಟ್ಟು ಬಂದ ಪ್ರವಾಸಿಯ ಹಾಗೆ.
ಆಮೇಲೆ ಹಗ್ಗ ಎಳೆಯುತ್ತೇನೆ. ನಡಿ, ನಡಿ.

"ಮಳೆ ಬಂದರೆ ತೊಳೆದುಹೋಗುತ್ತದೆ ಬಿಡಿ" ಅನ್ನುತ್ತಾರೆ
ಮೇಲಿನ ಮನೆಯ ಪೂವಣ್ಣ, ಎರಡು ಲ್ಯಾಬ್ರಡಾರಿನ ಧಣಿ.
ತೊಳೆದು ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ಕೇಳಿಕೊಂಡಿಲ್ಲ.
ಈ ಊರಲ್ಲಿ ಸಮತಟ್ಟು ಜಾಗ ಎಂಬುದೇ ಇಲ್ಲ;
ಮೇಲಿನವರ ಚರಂಡಿ ಕೆಳಗಿನವರ ಅಂಗಳ,
ಕೆಳಗಿನವರಿಗೂ ಒಬ್ಬ ಕೆಳಗಿನವನು ಇದ್ದೇ ಇರುತ್ತಾನೆ.

ಮಂಜಿನೊಳಗೆ ಒಂದು ಸದ್ದು ಮಾತ್ರ ದಿನಾ ಇತ್ತು:
ಸರಕ್, ಸರಕ್. ಕಡ್ಡಿ ಪೊರಕೆ.
ಅದಕ್ಕೊಂದು ಕೈ ಇರಬಹುದು,
ಕೈಗೊಂದು ಹೆಸರಿರಬಹುದು ಎಂದು ಯೋಚಿಸಿದವನಲ್ಲ.

ಹುತ್ತರಿ ಕಳೆದು ವಾರವಾಗಿತ್ತು.
ಸದ್ದು ನಿಂತಿತು. ಮಂಜು ಒಂದು ಬಾಗಿಲಿನಷ್ಟು ತೆರೆಯಿತು.
ಹಸಿರು ಕೋಟು, ತಲೆಗೆ ಸುತ್ತಿದ ಮಫ್ಲರ್, ಒಬ್ಬ ಹೆಂಗಸು.
ಬೈಯುತ್ತಾಳೆ ಅಂದುಕೊಂಡೆ.
ಉತ್ತರ ಸಿದ್ಧವಿತ್ತು: ಕಂದಾಯ ಕಟ್ಟುತ್ತೇನೆ,
ನೀವಿರುವುದೇ ಅದಕ್ಕೆ, ಇತ್ಯಾದಿ.

"ಸಾರ್," ಅಂದಳು,
"ನಿಮ್ಮ ಕರಿಕುನ್ನಿಗೆ ಹೊಟ್ಟೆ ಸರಿ ಇಲ್ಲ.
ಹಬ್ಬದಿಂದ ಈಚೆ ನೀರುನೀರು. ನಿನ್ನೆ ರಕ್ತ ಕಂಡೆ, ಒಂದೆಳೆ.
ಹುಳ ಇರ್ಬೇಕು. ಡಾಕ್ಟರಿಗೆ ತೋರ್ಸಿ."
ಅಷ್ಟು ಹೇಳಿ, ಬೂದಿ ಚೆಲ್ಲಿ,
ತಗಡಿನಿಂದ ಕೆರೆದು ಎತ್ತಿಕೊಂಡಳು.

ನನ್ನ ಮಡಿಲಲ್ಲಿ ಮಲಗುವ ಜೀವ;
ಅದರ ಒಳಗನ್ನು ದಿನವೂ ಓದುತ್ತಿದ್ದವಳು ಇವಳು.
ಹೆಸರು ಕೇಳಿದೆ. ಅಂಜಲೆ.

ಪಶುವೈದ್ಯರು ಕೇಳಿದರು:
ಎಷ್ಟು ದಿನದಿಂದ? ಯಾವ ಬಣ್ಣ? ಗಟ್ಟಿಯೋ ತೆಳುವೋ?
ಎಲ್ಲಕ್ಕೂ ಅಂಜಲೆಯ ಮಾತನ್ನೇ ಒಪ್ಪಿಸಿದೆ.
ಕೊಕ್ಕೆಹುಳು, ಅಂದರು. ನೆಲದಲ್ಲಿ ಉಳಿಯುತ್ತದೆ,
ಬರಿಗಾಲಿನ ಮಕ್ಕಳಿಗೂ ಹತ್ತುತ್ತದೆ.
ಕಾಂಪೌಂಡಿನ ಆ ಮೂಲೆ ಕಣ್ಣಿಗೆ ಬಂತು,
ಚೆಂಡು ಹೆಕ್ಕಲು ಹುಡುಗರು ಧುಮುಕುವ ಮೂಲೆ.

ಮರುದಿನ ಹಾಲಿನ ಖಾಲಿ ಕವರನ್ನು ಕೈಗೆ ತೊಟ್ಟು ಬಗ್ಗಿದೆ,
ಐವತ್ತೆರಡನೇ ವಯಸ್ಸಿನಲ್ಲಿ, ಮೊದಲ ಸಲ.
ಬಿಸಿಯಾಗಿತ್ತು.
ಬಿಸಿಯಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ ನನಗೆ.
ಆ ಚಳಿಯಲ್ಲಿ, ಅಂಗೈಯಲ್ಲಿ,
ಬಸ್ಸಿನಲ್ಲಿ ಎದೆಗಂಟಿ ಬಂದ ಮರಿಯಷ್ಟೇ ಬಿಸಿ.
ಹೊಟ್ಟೆ ತೊಳಸಿತು. ಗಂಟು ಹಾಕಿದೆ.
ಇಷ್ಟು ಕಾಲ ಬಿಟ್ಟುಹೋದದ್ದನ್ನು
ಇವನೀಗ ಯಾಕೆ ಕೂಡಿಡುತ್ತಿದ್ದಾನೆ ಎಂಬಂತೆ ಮೆಣಸು ನೋಡಿತು.

ತೊಟ್ಟಿಗೆ ಎಸೆದೆ, ಹಗುರಾದೆ.
ತೊಟ್ಟಿಯನ್ನು ಯಾರು ಎತ್ತುತ್ತಾರೆ? ಮತ್ತೆ ಅವಳೇ.
ಈಗ ಹಿತ್ತಿಲ ಬೇಲಿಯ ಬುಡದಲ್ಲಿ ಒಂದು ಗುಂಡಿ ಇದೆ.

ಪೂವಣ್ಣ ನಗುತ್ತಾರೆ:
"ಏನ್ರೀ, ಖಜಾನೆಗೆ ಕಟ್ಟಲಿಕ್ಕಾ?"
ನಗಲಿ. ಲ್ಯಾಬ್ರಡಾರುಗಳದು ಹೇಗಿದೆ ಎಂದು
ಒಂದು ದಿನ ಅಂಜಲೆ ಅವರಿಗೂ ಹೇಳಿಯಾಳು.

ಮಂಜು ಹಾಗೆಯೇ. ಸರಕ್, ಸರಕ್.
"ಹೊಟ್ಟೆ ಹೇಗಿದೆ ಸಾರ್?" ಆಚೆಯಿಂದ ದನಿ.
"ಗಟ್ಟಿ!" ಅನ್ನುತ್ತೇನೆ, ಕವರು ಎತ್ತಿ ಹಿಡಿದು,
ಅವಳಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ.